ಅತ್ತೆಯ ಎಂಜಿನ್ನಿನ ಕೆಂಪು ದೀಪ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಶಾಲೆ ಬಿಟ್ಟ ಮೇಲೆ ಪೆನ್ನು ಹಿಡಿದದ್ದೇ ಕಡಿಮೆ. ಎಷ್ಟೋ ಸಾಲುಗಳನ್ನು ಬರೆದು, ಹೊಡೆದು, ಮತ್ತೆ ಬರೆದಿದ್ದೇನೆ. ಕೆಲವು ಕಡೆ ಕಾಗದದ ಮೇಲೆ ಆಯಿಲ್ ಬೆರಳಿನ ಗುರುತು ಮೂಡಿದೆ. ನನಗೆ ಗೊತ್ತಿರುವ ಪದಗಳೂ ಕಡಿಮೆ. ನಮ್ಮ ಬೀದಿಯ ಓದುವ ಕೋಣೆ ನೋಡಿಕೊಳ್ಳುವ ಅಕ್ಕ ಬೀದಿಯವರೆಲ್ಲ ತಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಟ್ಟರೆ ಸೇರಿಸಿ ಪುಸ್ತಕ ಮಾಡೋಣ ಎಂದರು. ನನಗೆ ಚೆನ್ನಾಗಿ ಗೊತ್ತಿರುವುದು ನನ್ನ ಅತ್ತೆ ಒಬ್ಬರೇ. ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಅವರು, ಯಾರು ಬರೆಸುತ್ತಿರುವುದು, ಯಾಕೆ, ಅವರಿಗೇನು ಸಿಗುತ್ತದೆ ಎಂದು ಕೇಳಿದರು. ಹೇಳಿದೆ. ಬರೆದದ್ದನ್ನು ಮೊದಲು ನನಗೆ ಓದಿ ಹೇಳಿ ಆಮೇಲೆ ಕೊಡು ಎಂದರು.

ಅತ್ತೆ ನನ್ನ ಅಪ್ಪನ ಅಕ್ಕ. ಹೊಳೆ ಸಮುದ್ರ ಸೇರುವ ಅಗಲವಾದ ಜಾಗದಲ್ಲಿ ಜನರನ್ನು ಈ ದಡದಿಂದ ಆ ದಡಕ್ಕೆ ದಾಟಿಸುವ ಬೋಟು ಅವರದು. ಆ ದಡದಲ್ಲಿ ಡಬ್ಬಿ ಮಾಡುವ ಕಾರ್ಖಾನೆ ಇದೆ. ಬೆಳಗಿನ ಪಾಳಿಯವರನ್ನು ಒಯ್ಯುವುದು, ಮುಗಿಸಿ ಬಂದವರನ್ನು ಕರೆತರುವುದು, ಇದೇ ಅತ್ತೆಯ ಬದುಕು. ಬೋಟಿನ ಹೊಟ್ಟೆಯಲ್ಲಿ, ಹಲಗೆಯ ಮುಚ್ಚಳದ ಕೆಳಗೆ, ಹಳೆಯ ಡೀಸೆಲ್ ಎಂಜಿನ್ ಇದೆ. ಅದು ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡದು. ಬಣ್ಣ ಹೋಗಿ, ಮತ್ತೆ ಬಳಿದು, ಮತ್ತೆ ಹೋಗಿ, ಈಗ ಅದರ ಮೈ ಯಾವ ಬಣ್ಣ ಎಂದು ಹೇಳಲು ಬರುವುದಿಲ್ಲ.

ಅತ್ತೆ ಯಾರನ್ನೂ ನಂಬುವುದಿಲ್ಲ. ಇದನ್ನು ದೂರು ಎಂದು ಹೇಳುತ್ತಿಲ್ಲ, ಅವರು ಎತ್ತರವಾಗಿದ್ದಾರೆ ಎಂದು ಹೇಳಿದ ಹಾಗೆ ಹೇಳುತ್ತಿದ್ದೇನೆ. ಅಂಗಡಿಯಿಂದ ತಂದ ಅಕ್ಕಿಯನ್ನು ಮನೆಯಲ್ಲಿ ಮತ್ತೆ ತೂಗುತ್ತಾರೆ. ಮೊಟ್ಟೆಯನ್ನು ಬಲ್ಬಿಗೆ ಹಿಡಿದು ನೋಡುತ್ತಾರೆ. ಹಾಲಿನ ಸೀಸೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಾರೆ, ಮರುದಿನ ಯಾವ ಗೆರೆ ತಮ್ಮದು ಎಂದು ಮರೆತು ಬೆಕ್ಕನ್ನೂ ನನ್ನನ್ನೂ ಒಂದೇ ಕಣ್ಣಿನಲ್ಲಿ ನೋಡುತ್ತಾರೆ. ನಾನು ಶಾಲೆ ಬಿಟ್ಟು ಅವರ ಮನೆಗೆ ಬಂದಾಗ ಎಲ್ಲರೂ ನನ್ನನ್ನು ಬೈದರು, ಅತ್ತೆ ಬೈಯಲಿಲ್ಲ. ಯಾರೋ ಏನೋ ಮಾಡಿರಬೇಕು ಎಂದು ಅವರಿಗೆ ಅನುಮಾನ. ಶಾಲೆಗೇ ಹೋಗಿ ಒಬ್ಬೊಬ್ಬ ಟೀಚರನ್ನೂ ಮೇಲಿಂದ ಕೆಳಗೆ ನೋಡಿ ಬಂದರು. ಯಾರೂ ಏನೂ ಮಾಡಿರಲಿಲ್ಲ. ಎದ್ದು ನಿಂತು ಉತ್ತರ ಹೇಳು ಎಂದರೆ ನನ್ನ ಗಂಟಲು ಕಟ್ಟುತ್ತಿತ್ತು, ಅಷ್ಟೇ. ಎಂಜಿನ್ನಿನ ಪಕ್ಕ ಕುಳಿತರೆ ಯಾರೂ ನನ್ನಿಂದ ಮಾತು ಕೇಳುವುದಿಲ್ಲ, ಕೇಳಿದರೂ ಆ ಸದ್ದಿನಲ್ಲಿ ಕೇಳಿಸುವುದಿಲ್ಲ. ಹಾಗಾಗಿ ನಾನು ಬೋಟಿನ ಕೆಲಸಕ್ಕೆ ಸೇರಿಕೊಂಡೆ.

ಅತ್ತೆಯ ಅನುಮಾನಕ್ಕೆ ಕಾರಣ ಇದೆ. ಮೊದಲು ಬೋಟು ನಡೆಸುತ್ತಿದ್ದವರು ಅವರ ಗಂಡ. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಅತ್ತೆ ಚುಕ್ಕಾಣಿ ಹಿಡಿದರು. ಅದೇ ವರ್ಷ ಒಬ್ಬ ವ್ಯಾಪಾರಿ, ಬಳಸಿ ಬಿಸಾಡಿದ ಆಯಿಲನ್ನು ಹೊಸ ಡಬ್ಬಿಗೆ ತುಂಬಿ, ಬಾಯಿಗೆ ಬೆಸುಗೆ ಹಾಕಿ ಅವರಿಗೆ ಮಾರಿದ. ಹೊಳೆಯ ನಡುವೆ ಎಂಜಿನ್ ಬಿಗಿದು ನಿಂತಿತು. ಇಳಿತದ ನೀರು ಬೋಟನ್ನು ಜನರ ಸಮೇತ ಸಮುದ್ರದ ಕಡೆಗೆ ಎಳೆಯಿತು. ಮೀನಿನ ದೋಣಿಯವರು ಹಗ್ಗ ಎಸೆಯದಿದ್ದರೆ ಏನಾಗುತ್ತಿತ್ತೋ. ಅಂದಿನಿಂದ ಅತ್ತೆಯ ಮೂಗಿಗೆ ರಜೆ ಇಲ್ಲ. ಯಾವ ಡಬ್ಬಿಯ ಆಯಿಲೂ ನೇರವಾಗಿ ಎಂಜಿನ್ನಿಗೆ ಹೋಗುವುದಿಲ್ಲ. ಮೂಸಬೇಕು, ಎರಡು ಬೆರಳ ನಡುವೆ ಉಜ್ಜಬೇಕು, ಆಮೇಲೆ ಬಟ್ಟೆ ಕಟ್ಟಿದ ಆಲಿಕೆಯಲ್ಲಿ ಸೋಸಬೇಕು. ಕೊನೆಯ ಹನಿಯೂ ಇಳಿಯಲಿ ಎಂದು ಬಟ್ಟೆಯನ್ನು ಹಿಂಡುವುದೂ ಅವರೇ. ಮೆಕ್ಯಾನಿಕ್ ಮಾಮ ಒಮ್ಮೆ, "ಅಕ್ಕ, ಹೊಳೆಯನ್ನೂ ಒಂದು ಸಲ ಸೋಸಿಬಿಡಿ, ಆಮೇಲೆ ಬೋಟು ಬಿಡೋಣ" ಎಂದಿದ್ದರು. ಅತ್ತೆ ನಗಲಿಲ್ಲ.

ಮೆಕ್ಯಾನಿಕ್ ಮಾಮ ನಮ್ಮ ಸಂಬಂಧಿಕರಲ್ಲ. ಅತ್ತೆಯ ಗಂಡನ ಗೆಳೆಯ. ಬೋಟು ಕಟ್ಟುವ ಧಕ್ಕೆಯ ಹಿಂದಿನ ಬೀದಿಯಲ್ಲಿ ಅವರ ಶೆಡ್ಡು. ಕೈ ಎಷ್ಟು ಓಡುತ್ತದೋ ಬಾಯಿ ಅದರ ಎರಡರಷ್ಟು. ನಮ್ಮ ಎಂಜಿನ್ನಿನ ಒಳಗನ್ನು ಬಿಚ್ಚಿ ನೋಡಿದವರು ಈಗ ಇರುವವರಲ್ಲಿ ಅವರೊಬ್ಬರೇ.

ಈಗ ದೀಪದ ವಿಷಯಕ್ಕೆ ಬರುತ್ತೇನೆ. ಚುಕ್ಕಾಣಿಯ ಮುಂದೆ ಒಂದು ಸಣ್ಣ ಕೆಂಪು ದೀಪ ಇದೆ. ಎಂಜಿನ್ನಿನ ಒಳಗೆ ಆಯಿಲ್ ಬೇಕಾದಷ್ಟು ಒತ್ತಡದಲ್ಲಿ ಓಡಾಡದಿದ್ದರೆ ಅದು ಹತ್ತುತ್ತದೆ, ಜೊತೆಗೆ ಬಜರ್ ಕೂಗುತ್ತದೆ. ಹೋದ ತಿಂಗಳು ಒಂದು ಬೆಳಿಗ್ಗೆ, ಪಾಳಿಯವರನ್ನು ತುಂಬಿಕೊಂಡು ನಡುಹೊಳೆಯಲ್ಲಿ ಜೋರಾಗಿ ಹೋಗುತ್ತಿದ್ದಾಗ ಅದು ಮಿಣುಕಿತು. ಬಜರ್ ಒಂದು ಸಲ ಕಿರುಚಿತು. ಅತ್ತೆ ತಕ್ಷಣ ವೇಗ ಇಳಿಸಿದರು. ಸ್ವಲ್ಪ ಹೊತ್ತಿಗೆ ದೀಪ ಆರಿತು. ನಿಧಾನವಾಗಿ ದಡ ಸೇರಿದೆವು. ಪಾಳಿಗೆ ತಡವಾಯಿತು ಎಂದು ಜನ ಗೊಣಗಿದರು.

ಆಯಿಲ್ ನೋಡುವ ಕಡ್ಡಿ ಎಳೆದು ನೋಡಿದೆ. ಮೇಲಿನ ಗೆರೆಯವರೆಗೆ ಇತ್ತು. ಅತ್ತೆ ಮೂಸಿದರು. ಡೀಸೆಲ್ ಸೇರಿ ತೆಳುವಾಗಿದೆಯೋ ಎಂದು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು, ಅದು ಹರಡುವುದನ್ನೇ ನೋಡುತ್ತಾ ಕುಳಿತರು. ಡೀಸೆಲ್ ಇರಲಿಲ್ಲ. ನೀರೂ ಇರಲಿಲ್ಲ. ತಪ್ಪು ಸಿಗದಿದ್ದದ್ದು ಅವರಿಗೆ ಸಮಾಧಾನ ತರಲಿಲ್ಲ, ಅನುಮಾನ ಇನ್ನೂ ಹೆಚ್ಚಿಸಿತು.

ಮರುದಿನ ಮತ್ತೆ ದೀಪ. ಅತ್ತೆ ಜನರನ್ನು ಹತ್ತಿಸುವುದನ್ನೇ ನಿಲ್ಲಿಸಿದರು. ದೀಪ ಆರುವವರೆಗೆ ಒಬ್ಬರನ್ನೂ ದಾಟಿಸುವುದಿಲ್ಲ ಎಂದು ಕಾರ್ಖಾನೆಯ ಮೇಲ್ವಿಚಾರಕರಿಗೆ ಹೇಳಿಬಿಟ್ಟರು. ಅವರು, ಸರಿ, ಆದರೆ ಮುಂದಿನ ಸೋಮವಾರದೊಳಗೆ ನಿಮ್ಮ ಬೋಟು ಬರದಿದ್ದರೆ ಪಾಳಿಯ ಓಟ ಎದುರು ದಡದ ಬೋಟಿನವನಿಗೆ, ಆಮೇಲೆ ಕೇಳಬೇಡಿ ಎಂದರು. ಪಾಳಿಯ ಓಟ ಹೋದರೆ ಅತ್ತೆಯ ಬೋಟಿಗೆ ಬೇರೆ ಕೆಲಸ ಇಲ್ಲ. ಅದು ನನಗೂ ಗೊತ್ತು, ಅತ್ತೆಗೂ ಗೊತ್ತು, ಎದುರು ದಡದವನಿಗೂ ಗೊತ್ತು.

ಎದುರು ದಡದವನು ದಿನಾ ಬಂದು ವಿಚಾರಿಸತೊಡಗಿದ. ಮುಖದ ತುಂಬ ನಗು. "ಅಕ್ಕ, ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋತೀರಾ? ದೀಪದ ವೈರ್ ಕಿತ್ತುಬಿಡಿ, ಎಲ್ಲ ಸರಿಹೋಗುತ್ತೆ. ನನ್ನ ಬೋಟಲ್ಲಿ ಕಿತ್ತು ಎಷ್ಟು ಕಾಲ ಆಯ್ತು."

"ನಿನ್ನ ಬೋಟಲ್ಲಿ ಹೋಗೋರಿಗೆ ಅದನ್ನ ಹೇಳಿದೀಯಾ?" ಎಂದರು ಅತ್ತೆ.

ಅವನು ಹೋದ ಮೇಲೆ ನಾನು ಕೇಳಿದೆ, ದೀಪವೇ ಸುಳ್ಳು ಹೇಳುತ್ತಿರಬಹುದಲ್ಲವೇ ಎಂದು. ಇರಬಹುದು ಎಂದರು. ಅದನ್ನೂ ಅವರು ನಂಬಿರಲಿಲ್ಲ. ಆದರೆ ನಂಬದಿದ್ದರೂ ಅದರ ಬಾಯಿ ಕಟ್ಟುವುದಿಲ್ಲ ಎಂದರು. ಎದುರು ದಡದವನು ನಮ್ಮ ಎಂಜಿನ್ನಿನ ಹತ್ತಿರ ಸುಳಿದನೋ ಎಂದು ತಿಳಿಯಲು ರಾತ್ರಿ ಮುಚ್ಚಳದ ಮೇಲೆ ಒಂದು ಕಪ್ಪು ದಾರ ಅಂಟಿಸಿ ಬಂದರು. ಬೆಳಿಗ್ಗೆ ದಾರ ಹಾಗೆಯೇ ಇತ್ತು. ಬಿಚ್ಚಿ ಮತ್ತೆ ಅಂಟಿಸಿದ್ದಾರೆ ಎಂದರು.

ಮೆಕ್ಯಾನಿಕ್ ಮಾಮ ಬಂದರು. ಮೊದಲು ದೀಪದ ವೈರನ್ನು ಉದ್ದಕ್ಕೂ ಬೆರಳಲ್ಲಿ ಸವರಿ ನೋಡಿದರು, ತುದಿಗಳನ್ನು ಉಜ್ಜಿ ಹೊಳೆಯಿಸಿದರು. ಎಂಜಿನ್ನಿನ ಮೈಗೆ ಕೂರಿಸಿದ್ದ ದೀಪದ ಸ್ವಿಚ್ಚನ್ನು ಬದಲಿಸಿದರು. ಖಾಲಿ ಬೋಟನ್ನು ಹೊಳೆಗೆ ಬಿಟ್ಟು ನೋಡಿದಾಗ ದೀಪ ಮತ್ತೆ ಹತ್ತಿತು. ಫಿಲ್ಟರ್ ಬಿಚ್ಚಿ, ಅದರ ಕಾಗದವನ್ನು ಕತ್ತರಿಸಿ, ಬಿಸಿಲಿಗೆ ಹಿಡಿದು ನೋಡಿದರು. ಹೊಸದರ ಹಾಗೆ ಇತ್ತು. ಇಷ್ಟು ಶುದ್ಧವಾದ ಫಿಲ್ಟರನ್ನು ಈ ಧಕ್ಕೆಯಲ್ಲಿ ನೋಡಿಯೇ ಇಲ್ಲ ಎಂದು ಹೊಗಳಿದರು. ಅತ್ತೆಗೆ ಹೊಗಳಿಕೆಯ ಮೇಲೂ ಅನುಮಾನ. ಕಿತ್ತ ಹಳೆಯ ಸ್ವಿಚ್ಚನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಆಮೇಲೆ ಮಾಮ ಸ್ವಿಚ್ ಇದ್ದ ಜಾಗಕ್ಕೆ ಒಂದು ಕೊಳವೆ ತಿರುಗಿಸಿ, ಅದರ ತುದಿಗೆ ಮುಳ್ಳಿರುವ ಮೀಟರ್ ಹಾಕಿದರು. ದೀಪ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಮೀಟರ್ ಎಷ್ಟು ಎಂದು ಹೇಳುತ್ತದೆ. ಬೋಟು ಧಕ್ಕೆಗೆ ಕಟ್ಟಿದ್ದ ಹಾಗೆಯೇ ಎಂಜಿನ್ ಶುರು ಮಾಡಿ ಒಂದೆರಡು ಸಲ ರೇಸ್ ಕೊಟ್ಟರು. ಮುಳ್ಳು ಗಟ್ಟಿಯಾಗಿ ನಿಂತಿತ್ತು. ಆದರೂ ಹೊಳೆಗೆ ಹೋದರೆ ದೀಪ ಹತ್ತುವುದು ಸುಳ್ಳಲ್ಲವಲ್ಲ, ಹಳೆಯ ಎಂಜಿನ್, ಬೇರಿಂಗ್ ಸವೆದಿರಬೇಕು ಎಂದು ತೀರ್ಮಾನ ಹೇಳಿದರು. ಬೇರಿಂಗ್ ಸವೆದರೆ ಸಂದು ದೊಡ್ಡದಾಗುತ್ತದೆ, ಆಯಿಲ್ ಜಾರಿಹೋಗುತ್ತದೆ, ಎಂಜಿನ್ ಕಾದು ನಿಧಾನವಾಗಿ ಓಡುವಾಗ ಮುಳ್ಳು ಬಿದ್ದುಹೋಗುತ್ತದೆ ಎಂದು ನನಗೆ ಬಿಡಿಸಿ ಹೇಳಿದರು. ಎಂಜಿನ್ ಎತ್ತಿ ಹೊರಗೆ ತೆಗೆಯಬೇಕು, ಸೋಮವಾರದೊಳಗೆ ಆಗದ ಕೆಲಸ. ಪರಿಚಯದವರ ಹತ್ತಿರ ಒಂದು ಬಳಸಿದ ಎಂಜಿನ್ ಇದೆ, ಬೇಕಾದರೆ ಕೂರಿಸಿಕೊಡುತ್ತೇನೆ ಎಂದೂ ಸೇರಿಸಿದರು.

ಆ ಕೊನೆಯ ಮಾತನ್ನು ಅವರು ಹೇಳಬಾರದಿತ್ತು.

ಅತ್ತೆ ಕೈ ಒರೆಸಿಕೊಂಡು ಎದ್ದು ನಿಂತರು. "ಹೋದ ತಿಂಗಳು ನೀನು ನೀರಿನ ಪಂಪು ರಿಪೇರಿಗೆ ಬಂದಿದ್ದೆ. ನಾನು ಇರಲಿಲ್ಲ. ಮಧ್ಯಾಹ್ನ ಪೂರ್ತಿ ಒಬ್ಬನೇ ಎಂಜಿನ್ ಹತ್ತಿರ ಇದ್ದೆ. ಆಮೇಲೇ ಈ ದೀಪ ಶುರುವಾಗಿದ್ದು."

"ಅಕ್ಕ, ಏನು ಹೇಳ್ತಿದೀರಿ?"

"ಇರೋದನ್ನ ಹೇಳ್ತಿದೀನಿ. ಕೆಡಿಸೋನೂ ನೀನೇ, ಬೇರೆ ತಂದು ಕೂರಿಸೋನೂ ನೀನೇ."

ಮಾಮ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದರು. ಮೀಟರನ್ನು ಬಿಚ್ಚಲಿಲ್ಲ. "ಇದು ಇಲ್ಲೇ ಇರಲಿ. ನನ್ನ ಮಾತು ನಂಬಬೇಡಿ, ಮುಳ್ಳು ನೋಡಿ" ಎಂದು ಹೇಳಿ ಹೋದರು.

ಅಂದು ಶುಕ್ರವಾರ. ಅತ್ತೆ ಮೀಟರನ್ನೂ ತಟ್ಟಿ, ಮೂಸಿ, ಒಳಗೆ ಏನಾದರೂ ಮಾಡಿಟ್ಟಿರಬಹುದು ಎಂದರು. ಆದರೂ ಸಂಜೆ ಖಾಲಿ ಬೋಟನ್ನು ಹೊಳೆಗೆ ಬಿಟ್ಟರು. ನಾನು ಟಾರ್ಚ್ ಹಿಡಿದು ಎಂಜಿನ್ ಗುಂಡಿಯಲ್ಲಿ ಮೀಟರಿನ ಮುಂದೆ ಕುಳಿತೆ. ನಿಜ ಹೇಳಬೇಕೆಂದರೆ ನನಗೂ ಮಾಮನ ಮೇಲೆ ಅನುಮಾನ ಬಂದಿತ್ತು. ಅತ್ತೆಯ ಜೊತೆ ಇದ್ದರೆ ಅದು ನೆಗಡಿಯ ಹಾಗೆ ಹಿಡಿಯುತ್ತದೆ. ಹಾಗಾಗಿ ಕಣ್ಣು ಮಿಟುಕಿಸದೆ ನೋಡಿದೆ.

ಎಂಜಿನ್ ಚೆನ್ನಾಗಿ ಕಾದ ಮೇಲೆ ನಿಧಾನವಾಗಿ ಓಡಿಸಿದಾಗ ಮುಳ್ಳು ಅಲುಗಲಿಲ್ಲ. ವೇಗ ಹೆಚ್ಚಿಸಿದಾಗ ಮೇಲೆ ಏರಿತು. ಅಲ್ಲಿ ಸ್ವಲ್ಪ ಹೊತ್ತು ನಿಂತು, ಯಾರೋ ಕೆಳಗಿನಿಂದ ಎಳೆದ ಹಾಗೆ ಜಾರತೊಡಗಿತು. ಬಜರ್ ಇಲ್ಲ, ಏಕೆಂದರೆ ಸ್ವಿಚ್ಚಿನ ಜಾಗದಲ್ಲಿ ಮೀಟರ್ ಇತ್ತು. ನಾನು ಕೈ ಎತ್ತಿದೆ. ಅತ್ತೆ ವೇಗ ಇಳಿಸಿದರು, ಎಂಜಿನ್ ನಿಲ್ಲಿಸಿದರು. ಸುಮ್ಮನೆ ತೇಲುತ್ತಾ ಸ್ವಲ್ಪ ಹೊತ್ತು ಕಾದೆವು. ಮತ್ತೆ ಶುರು ಮಾಡಿ ಜೋರಾಗಿ ಓಡಿಸಿದಾಗ ಮುಳ್ಳು ಮೊದಲಿನಂತೆ ಏರಿ, ನಿಂತು, ಜಾರಿತು. ಅನುಮಾನ ಉಳಿಯಬಾರದೆಂದು ಇದನ್ನೇ ಮತ್ತೆ ಮತ್ತೆ ಮಾಡಿದೆವು. ಪ್ರತಿ ಸಲವೂ ಹಾಗೆಯೇ.

ದಡಕ್ಕೆ ಬಂದ ಮೇಲೆ ಹೇಳಿದೆ. "ಅತ್ತೆ, ನಿಧಾನದಲ್ಲಿ ಬೀಳ್ತಿಲ್ಲ. ಜೋರಿನಲ್ಲಿ ಬೀಳ್ತಿದೆ."

"ಅವನು ಹೇಳಿದ್ದು ಉಲ್ಟಾ ಅಲ್ವಾ?"

"ಹೌದು."

"ಅಂದ್ರೆ ಸುಳ್ಳು ಹೇಳಿದ."

"ಸುಳ್ಳೋ, ತಪ್ಪೋ, ಗೊತ್ತಿಲ್ಲ ಅತ್ತೆ."

ಅವರು ನನ್ನ ಮುಖವನ್ನೇ ನೋಡಿದರು. ನಾನು ಅವರಿಗೆ ಎದುರು ಮಾತು ಆಡಿದ್ದು ಅದೇ ಮೊದಲು. ಹೋಗಿ ಕೇಳಿಕೊಂಡು ಬರಲೇ ಎಂದೆ. ಬೇಡ ಎನ್ನಲಿಲ್ಲ.

ಶನಿವಾರ ಬೆಳಿಗ್ಗೆ ಮಾಮನ ಶೆಡ್ಡಿಗೆ ಹೋದೆ. ಅವರು ಬಾಗಿಲಿಗೆ ಬೆನ್ನು ಹಾಕಿ ಯಾವುದೋ ತುಂಡಿಗೆ ಅರ ಹಾಕುತ್ತಿದ್ದರು. ಬಾಗಿಲಲ್ಲೇ ಸುಮ್ಮನೆ ನಿಂತೆ. ನಿಂತಾಗ ಮೂಲೆಯಲ್ಲಿ ಟಾರ್ಪಾಲು ಹೊದೆಸಿದ್ದ ಒಂದು ಎಂಜಿನ್ ಕಾಣಿಸಿತು. ಪರಿಚಯದವರ ಹತ್ತಿರ ಇದೆ ಎಂದದ್ದು ಇಲ್ಲೇ ಇದೆಯಲ್ಲ ಎಂದುಕೊಂಡೆ. ಮಾಮ ತಿರುಗಿ, ನನ್ನ ಕಣ್ಣು ಎಲ್ಲಿದೆ ಎಂದು ನೋಡಿ, ಅದು ತನ್ನದಲ್ಲ, ಜಾಗ ಇಲ್ಲದವರು ತಂದಿಟ್ಟಿದ್ದಾರೆ ಎಂದರು. ಅದು ಯಾರದ್ದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆಗೂ ಈ ವಿಷಯ ತಿಳಿಯುವುದು ನಾನು ಇದನ್ನು ಓದಿ ಹೇಳುವಾಗಲೇ.

ಆಮೇಲೆ ಹೇಗೋ ಬಾಯಿ ಬಿಟ್ಟೆ. ನೋಡಿದ್ದನ್ನು ನೋಡಿದ ಹಾಗೆ, ಒಂದೂ ಸೇರಿಸದೆ ಹೇಳಿದೆ. ಅವರ ಕೈಯಲ್ಲಿದ್ದ ಅರ ನಿಂತಿತು.

"ನಿಲ್ಲಿಸಿ ಬಿಟ್ಟರೆ ಮತ್ತೆ ಸರಿ ಆಗುತ್ತಾ?"

"ಸ್ವಲ್ಪ ಹೊತ್ತು."

"ಹಾಗಾದ್ರೆ ಬೇರಿಂಗ್ ಅಲ್ಲ" ಎಂದರು. ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ತಳದಲ್ಲಿ ಒಂದು ಜಾಲರಿ ಇದೆ, ಪಂಪು ಅದರ ಮೂಲಕ ಆಯಿಲ್ ಹೀರುತ್ತದೆ, ಅಲ್ಲಿ ಏನೋ ಅಡ್ಡ ಬರುತ್ತಿದೆ, ಜೋರಾಗಿ ಹೀರಿದಾಗ ಅಂಟಿಕೊಳ್ಳುತ್ತದೆ, ನಿಂತಾಗ ಬಿಟ್ಟುಕೊಳ್ಳುತ್ತದೆ ಎಂದು ವಿವರಿಸಿದರು. ಧಕ್ಕೆಯಲ್ಲಿ ತಾವು ಆ ಒಂದೆರಡು ಸಲ ರೇಸ್ ಕೊಟ್ಟದ್ದು ಸಾಲದಾಗಿತ್ತು ಎಂದು ಒಪ್ಪಿಕೊಂಡರು. ಹೀರುವುದು ಫಿಲ್ಟರಿಗಿಂತ ಮೊದಲು ಆಗುವ ಕೆಲಸ, ಹಾಗಾಗಿ ಫಿಲ್ಟರ್ ಶುದ್ಧವಾಗಿತ್ತು. ಆಮೇಲೆ ತಲೆ ಕೆರೆದುಕೊಂಡು, "ಮಗುವಿಗೆ ಹಾಲು ಸೋಸೋ ಹಾಗೆ ಸೋಸ್ತಾರೆ ನಿಮ್ಮತ್ತೆ. ಅವರ ಚೇಂಬರಲ್ಲಿ ಕಸ ಎಲ್ಲಿಂದ ಬರಬೇಕು ಅಂತ ನಾನು ಆ ಕಡೆ ನೋಡಲೇ ಇಲ್ಲ" ಎಂದರು.

ಕರೆದರೆ ಬರುತ್ತೀರಾ ಎಂದು ಕೇಳಿದೆ. ಕರೆದರೆ ತಾನೇ ಎಂದರು. ನಾನು ಕರೆಯುತ್ತಿದ್ದೇನೆ ಎಂದೆ. ಅವರು ಚೀಲ ಎತ್ತಿಕೊಂಡರು.

ಅವರು ಬೋಟಿಗೆ ಕಾಲಿಡುವಾಗ ಅತ್ತೆ ಬಾ ಎನ್ನಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಕೈಪಂಪಿನಿಂದ ಆಯಿಲನ್ನೆಲ್ಲ ಬಕೆಟ್ಟಿಗೆ ಎಳೆದು ತೆಗೆದೆವು. ಎಂಜಿನ್ನಿನ ಪಕ್ಕೆಯಲ್ಲಿ, ನೀರಿನ ಕೊಳವೆಯ ಹಿಂದೆ, ಅಂಗೈಯಗಲದ ಒಂದು ಬಾಗಿಲಿದೆ. ಅದರ ನಟ್ಟುಗಳನ್ನು ಬಿಚ್ಚುವಷ್ಟರಲ್ಲಿ ಮಾಮನ ಬೆರಳ ಗೆಣ್ಣುಗಳು ತರಚಿಹೋದವು. ಬಾಗಿಲು ಕಳಚಿತು. ಅವರು ಕೈ ಒಳಗೆ ಹಾಕಲು ಹೋದರು.

"ನಿಲ್ಲು" ಎಂದರು ಅತ್ತೆ. "ನೀನು ಕೈ ಹಾಕಬೇಡ. ನಾನು ಹಾಕ್ತೀನಿ."

"ಯಾಕಕ್ಕ?"

"ನಿನ್ನ ಕೈಯಲ್ಲೇ ಏನಾದರೂ ಹೋಗಿ, ಅದೇ ಹೊರಗೆ ಬಂದ್ರೆ?"

ಮಾಮ ಅಂಗಿಯ ಎರಡೂ ತೋಳು ಮಡಚಿ ತೋರಿಸಿದರು. "ನೋಡಿ, ಕೂದಲು ಬಿಟ್ಟರೆ ಏನೂ ಇಲ್ಲ." ಆದರೂ ಪಕ್ಕಕ್ಕೆ ಸರಿದರು.

ಅತ್ತೆ ಗಡಿಯಾರ ಬಿಚ್ಚಿ ನನಗೆ ಕೊಟ್ಟರು. ಕೆನ್ನೆಯನ್ನು ಎಂಜಿನ್ನಿಗೆ ಒತ್ತಿ, ಕಣ್ಣು ಮುಚ್ಚಿ, ಮೊಣಕೈಯವರೆಗೆ ಕೈ ತೂರಿಸಿದರು. ತಳದಲ್ಲಿ ತಡಕಾಡುವುದು ಅವರ ಭುಜದಲ್ಲಿ ಕಾಣುತ್ತಿತ್ತು. ಆಮೇಲೆ ಭುಜ ನಿಂತಿತು. ಕೈ ಹೊರಗೆ ಬಂದಾಗ ಬೆರಳುಗಳಲ್ಲಿ ಕಪ್ಪಗೆ, ಒದ್ದೆಯಾಗಿ, ಸತ್ತ ಇಲಿಯ ತೊಗಲಿನ ಹಾಗೆ ಏನೋ ಇತ್ತು. ಮತ್ತೆ ಕೈ ಹಾಕಿದರು, ಮತ್ತೆ ಬಂತು. ಗೆದ್ದವರ ಹಾಗೆ ಮಾಮನ ಕಡೆ ನೋಡಿ, ಡೀಸೆಲ್ ತಾ ಎಂದು ನನಗೆ ಹೇಳಿದರು. ತಟ್ಟೆಯಲ್ಲಿ ಡೀಸೆಲ್ ಸುರಿದು ಅದನ್ನು ಬೆರಳಲ್ಲಿ ಅಲುಗಿಸಿ ತೊಳೆದರು. ಕಪ್ಪು ಬಿಟ್ಟಿತು. ಕೆಳಗೆ ನೀಲಿ ಇತ್ತು. ಸಣ್ಣ ಸಣ್ಣ ನೂಲಿನ ಎಳೆ, ಜುಂಗು.

ಮೂವರಿಗೂ ಆ ನೀಲಿ ಗೊತ್ತಿತ್ತು. ಮೊದಲು ಅತ್ತೆ ಆಯಿಲ್ ಸೋಸುತ್ತಿದ್ದದ್ದು ತೆಳುವಾದ ಹಳೆಯ ಹತ್ತಿ ಬಟ್ಟೆಯಲ್ಲಿ. ಕಳೆದ ವರ್ಷ ಆಯಿಲ್ ಅಂಗಡಿಗೆ ಹೊಸ ಮಾಲೀಕ ಬಂದ. ಅವನ ಮುಖ ಅತ್ತೆಗೆ ಹಿಡಿಸಲಿಲ್ಲ. ಮೋಸ ಹೆಚ್ಚಾದರೆ ಬಟ್ಟೆಯೂ ದಪ್ಪ ಬೇಕು ಎಂದು ಮೈ ಒರೆಸುವ ನೀಲಿ ಟವೆಲ್ಲನ್ನು ಕತ್ತರಿಸಿ, ಎರಡು ಮಡಿಕೆ ಮಾಡಿ ಸೋಸತೊಡಗಿದರು. ಸೋಸಿದ ಮೇಲೆ ಗಟ್ಟಿಯಾಗಿ ಹಿಂಡುತ್ತಿದ್ದರು. ಹಿಂಡಿದಾಗ ಟವೆಲ್ಲಿನ ಜುಂಗು ಆಯಿಲ್ ಜೊತೆ ಇಳಿಯುತ್ತಿತ್ತು. ಹಳೆಯ ಎಂಜಿನ್ ಆಯಿಲ್ ಕುಡಿಯುತ್ತದೆ, ಹಾಗಾಗಿ ಆಗಾಗ ಸುರಿಯಬೇಕು, ಸುರಿದಾಗಲೆಲ್ಲ ಸೋಸಬೇಕು, ಹಿಂಡಬೇಕು.

ಅತ್ತೆ ತಟ್ಟೆಯನ್ನೇ ನೋಡುತ್ತಿದ್ದರು. ಆ ಜುಂಗನ್ನು ಯಾರೋ ತಂದು ಹಾಕಿದರು ಎನ್ನಲು ದಾರಿ ಇರಲಿಲ್ಲ. ಅದನ್ನು ಹೊರಗೆ ತೆಗೆದದ್ದು ಅವರದೇ ಕೈ.

"ಆ ಟವೆಲ್ ಮಾರಿದವನು..." ಎಂದು ಶುರು ಮಾಡಿದರು. ಅಲ್ಲಿಗೇ ನಿಲ್ಲಿಸಿದರು. ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ನೋಡಿ, "ನಾನೇ ಹಾಕಿದ್ದು" ಎಂದರು.

ಮಾಮನಿಗೆ ಆಡಲು ನೂರು ಮಾತು ಇದ್ದವು, ಮುಖದಲ್ಲೇ ಕಾಣುತ್ತಿತ್ತು. ಆದರೂ ನಾನೂ ಬೇರಿಂಗ್ ಅಂದೆನಲ್ಲ ಎಂದಷ್ಟೇ ಹೇಳಿ, ಜಾಲರಿಯನ್ನು ಬಿಚ್ಚಿ ತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜತೊಡಗಿದರು. ಚೇಂಬರನ್ನು ತೊಳೆದು, ಜಾಲರಿ ಕೂರಿಸಿ, ಬಾಗಿಲು ಹಾಕುವಷ್ಟರಲ್ಲಿ ಸಂಜೆಯಾಯಿತು. ಹೊಸ ಡಬ್ಬಿಯನ್ನು ಅತ್ತೆ ಮೂಸಿದರು, ಬೆರಳಲ್ಲಿ ಉಜ್ಜಿದರು. ಆಮೇಲೆ ಬಟ್ಟೆ ಕಟ್ಟದ ಆಲಿಕೆಯನ್ನು ನನ್ನ ಕೈಗೆ ಕೊಟ್ಟು ಮುಖ ತಿರುಗಿಸಿಕೊಂಡರು. ನಾನು ನೇರವಾಗಿ ಸುರಿದೆ.

ಭಾನುವಾರ ಖಾಲಿ ಬೋಟಿನಲ್ಲಿ ಹೊಳೆಯನ್ನು ಹಲವು ಸಲ ದಾಟಿದೆವು. ಜೋರಾಗಿ ಓಡಿಸಿದರೂ ಮುಳ್ಳು ಏರಿದಲ್ಲೇ ನಿಂತಿತು. ಅತ್ತೆ ಅದನ್ನೂ ನಂಬದೆ, ಮೀಟರ್ ತೆಗೆಸಿ ಸ್ವಿಚ್ ಹಾಕಿಸಿ ಮತ್ತೆ ಓಡಿಸಿದರು. ದೀಪ ಹತ್ತಲಿಲ್ಲ. ದೀಪವೇ ಸುಟ್ಟಿರಬಹುದು ಎಂದು ವೈರನ್ನು ಎಂಜಿನ್ನಿಗೆ ತಾಗಿಸಿ ನೋಡಿದರು. ಹತ್ತಿತು. ಆಗ ಸುಮ್ಮನಾದರು.

ಮಾಮ ಹೊರಡುವಾಗ ಅತ್ತೆ ಕರೆದರು. "ನಾಳೆ ಬೆಳಿಗ್ಗೆ ಪಾಳಿಯವರ ಜೊತೆ ನೀನೂ ಬೋಟಲ್ಲಿ ಬಾ."

"ಯಾಕಕ್ಕ, ಮುಳುಗಿದರೆ ನಾನೂ ಮುಳುಗಲಿ ಅಂತಲಾ?"

"ಹೌದು" ಎಂದರು ಅತ್ತೆ.

ಮಾಮ ಜೋರಾಗಿ ನಕ್ಕರು. ಇದು ಕ್ಷಮೆಯೋ ಅನುಮಾನವೋ ನನಗೆ ತಿಳಿಯಲಿಲ್ಲ. ಅವರಿಗೆ ತಿಳಿಯಿತು ಎಂದು ಕಾಣುತ್ತದೆ. ಸೋಮವಾರ ಎಲ್ಲರಿಗಿಂತ ಮೊದಲು ಬಂದು ಎಂಜಿನ್ನಿನ ಮುಚ್ಚಳದ ಮೇಲೆ ಕುಳಿತಿದ್ದರು. ಪಾಳಿಯವರನ್ನು ಹೊತ್ತಿಗೆ ಸರಿಯಾಗಿ ಇಳಿಸಿದೆವು. ಮೇಲ್ವಿಚಾರಕರು ದಡದಲ್ಲಿ ನಿಂತು ನೋಡಿ ತಲೆಯಾಡಿಸಿದರು. ಓಟ ನಮ್ಮದಾಗಿಯೇ ಉಳಿಯಿತು.

ತೊಳೆದರೂ ಮೂಲೆಗಳಲ್ಲಿ ಒಂದಿಷ್ಟು ಎಳೆಗಳು ಉಳಿದಿರುತ್ತವೆ, ಕೆಲವು ದಿನ ಓಡಿದ ಮೇಲೆ ಆಯಿಲ್ ಮತ್ತೆ ಬದಲಿಸಿ ಜಾಲರಿ ನೋಡಬೇಕು ಎಂದು ಮಾಮ ಹೇಳಿದ್ದಾರೆ. ಇದನ್ನು ಅತ್ತೆಗೆ ಓದಿ ಹೇಳಿ, ಓದುವ ಕೋಣೆಯಲ್ಲಿ ಕೊಟ್ಟು ಬಂದು, ಬರುವ ಭಾನುವಾರ ಆ ಬಾಗಿಲನ್ನು ನಾನೇ ಬಿಚ್ಚುತ್ತೇನೆ.